ಬಿಚ್ಚಲಾಗದ ಉಂಡೆ

ದಟ್ಟ ಕಾಡಿನ ಚಿಪ್ಪುಹಂದಿಗೆ ಗೊತ್ತಿದ್ದದ್ದು ಒಂದೇ ವಿದ್ಯೆ. ರಾತ್ರಿಯೆಲ್ಲ ಹುತ್ತ ಬಗೆದು ಗೆದ್ದಲು ತಿನ್ನುವಾಗ ಯಾರಾದರೂ ಮೇಲೆ ಬಿದ್ದರೆ, ಮೂತಿಯನ್ನು ಹೊಟ್ಟೆಗೆ ಒತ್ತಿ, ಬಾಲ ಸುತ್ತಿಕೊಂಡು ಉಂಡೆಯಾಗಿಬಿಡುತ್ತಿತ್ತು. ಒಮ್ಮೆ ಹುಲಿಯೇ ಬಂದು ಕಚ್ಚಿ, ಪರಚಿ, ಉರುಳಿಸಿ, ಕೊನೆಗೆ ಹಲ್ಲು ನೋಯಿಸಿಕೊಂಡು ಹೋಗಿತ್ತು. ಅಂದಿನಿಂದ ಚಿಪ್ಪುಹಂದಿಯ ಬಾಯಲ್ಲಿ ಹುಲಿಯದೇ ಮಾತು.

ಒಂದು ನಸುಕಿನಲ್ಲಿ ಮುಳ್ಳುಹಂದಿ ಏದುಸಿರು ಬಿಡುತ್ತ ಓಡಿಬಂತು. "ಅಕ್ಕಾ, ಬಿಲಕ್ಕೆ ನಡೆ. ಮನುಷ್ಯ ಬರುತ್ತಿದ್ದಾನೆ."

"ಅವನ ಹಲ್ಲು ಹುಲಿಯದಕ್ಕಿಂತ ದೊಡ್ಡದೋ?"

"ಅಲ್ಲ, ಚಿಕ್ಕದು."

"ಉಗುರು?"

"ಹೆಸರಿಗಷ್ಟೇ. ಆದರೆ ಅಕ್ಕಾ, ಅವನು..."

"ಸಾಕು ಮಾರಾಯ್ತಿ. ಇಂಥವನಿಗೆ ಹೆದರಿ ಓಡಿದರೆ ಆ ಹುಲಿ ನಕ್ಕೀತು" ಎಂದು ಚಿಪ್ಪುಹಂದಿ ಅಲ್ಲೇ ಉಂಡೆಯಾಯಿತು. ಮುಳ್ಳುಹಂದಿ ಪೊದೆಗೆ ನುಗ್ಗಿತು.

ಮನುಷ್ಯ ಬಂದ. ಕಚ್ಚಲಿಲ್ಲ, ಪರಚಲಿಲ್ಲ. ಬಿದ್ದ ಹಲಸಿನಕಾಯಿಯನ್ನು ಎತ್ತುವಂತೆ ಎರಡೂ ಕೈಯಲ್ಲಿ ಎತ್ತಿ, ಗೋಣಿಚೀಲಕ್ಕೆ ಹಾಕಿ, ಬಾಯಿ ಕಟ್ಟಿ ಹೆಗಲಿಗೇರಿಸಿದ. ಎಷ್ಟು ಸಲೀಸಾದ ಕೆಲಸವೆಂದರೆ, ತುಟಿಯಲ್ಲಿದ್ದ ಬೀಡಿಯನ್ನು ಕೂಡ ಅವನು ತೆಗೆದಿರಲಿಲ್ಲ.

ಪೊದೆಯಿಂದ ಮುಳ್ಳುಹಂದಿ ಚೀರಿತು: "ಅಕ್ಕಾ, ಮೈ ಬಿಚ್ಚು! ಕಲ್ಲಿನಂಥ ಹುತ್ತವನ್ನು ಬಗೆಯುವ ಉಗುರು ನಿನ್ನದು. ಗೋಣಿ ಯಾವ ಲೆಕ್ಕ? ಹರಿದು ಹಾಕು!"

ಇಳಿಜಾರಿನಲ್ಲಿ ತೂಗಾಡುತ್ತ ಸಾಗಿದ್ದ ಚೀಲದೊಳಗಿಂದ ಗೆದ್ದವರ ದನಿಯೊಂದು ಬಂತು:

"ಸುಮ್ಮನಿರೇ. ನೋಡಿದೆಯಾ, ಇವನಿಂದಲೂ ನನ್ನನ್ನು ಬಿಚ್ಚಲಿಕ್ಕೆ ಆಗಲಿಲ್ಲ."