ಬೇವಿನ ಮರದ ಸುತ್ತ ತಿರುಗಿದ ನಾಯಿ

"ಅಜ್ಜಾರ, ಬ್ಯಾಡಂತ ಗೊತ್ತಿದ್ದೂ ಮನಷ್ಯಾ ಒಂದ ಕೆಲಸ ಮತ್ತ ಮತ್ತ ಯಾಕ ಮಾಡ್ತಾನ್ರೀ?" ಎಂದು ಮುರಿಗೆಯ್ಯ ಮಠದ ಸ್ವಾಮಿಗಳಾದ ಅಜ್ಜನವರನ್ನು ಕೇಳಿದ.

ಯಾರದೋ ವಿಷಯ ಕೇಳುವವನ ಹಾಗೆ ಕೇಳಿದ್ದ. ಆದರೆ ಅದು ಅವನದೇ ವಿಷಯ. ಹದಿನೆಂಟು ವರ್ಷದಿಂದ ಆ ಮಠದ ದಾಸೋಹದ ಅಡುಗೆ ಅವನ ಕೈಯಲ್ಲಿತ್ತು. ಎರಡು ವರ್ಷದ ಹಿಂದೆ ಒಂದು ಮಧ್ಯಾಹ್ನ ಒಲೆಯ ಕಿಡಿ ಹಾರಿ ಹಿತ್ತಿಲಿನ ಬಣವೆಗೆ ಬಿತ್ತು. ಬಣವೆಯ ಪಕ್ಕದಲ್ಲಿ ಕಟ್ಟಿದ್ದ ಹಸು ಕರುವಿನ ಸಮೇತ ಬೆಂದುಹೋಯಿತು. ಯಾರೂ ಅವನಿಗೆ ಒಂದು ಮಾತು ಅನ್ನಲಿಲ್ಲ. ಅಂದಿನಿಂದ ಪಂಕ್ತಿ ಎದ್ದ ಮೇಲೆ ಅವನು ಒಲೆಗೆ ನೀರು ಚಿಮುಕಿಸಿ, ಬೂದಿಯೊಳಗೆ ಕೈಯಿಟ್ಟು ನೋಡಿ, ಹೊರಗೆ ಬಂದು, ಮತ್ತೆ ಒಳಗೆ ಹೋಗಿ ನೋಡುತ್ತಿದ್ದ. ಮೊದಮೊದಲು ಎರಡು ಸಲ. ಈಗ ಇಪ್ಪತ್ತು ಸಲ. ಒಲೆ ತಣ್ಣಗಿದೆ ಎಂದು ಕೈಗೆ ಗೊತ್ತಿತ್ತು, ಕಣ್ಣಿಗೆ ಗೊತ್ತಿತ್ತು, ಕಾಲು ಮಾತ್ರ ಕೇಳುತ್ತಿರಲಿಲ್ಲ. ಮತ್ತೆ ನೋಡಲು ಹೋದರೆ ಒಂದು ಹೊತ್ತು ಉಪವಾಸ ಎಂದು ಆಣೆ ಮಾಡಿಕೊಂಡ. ಊಟ ತಪ್ಪಿತು, ಹೋಗುವುದು ತಪ್ಪಲಿಲ್ಲ. ಇದನ್ನು ಅಜ್ಜನವರಿಗೆ ಹೇಳಲು ಅವನಿಗೆ ನಾಚಿಕೆ. ಇಂಥವನು ಮಠದಲ್ಲಿರಲು ಯೋಗ್ಯನಲ್ಲ ಎಂದು ತನಗೆ ತಾನೇ ತೀರ್ಪು ಕೊಟ್ಟುಕೊಂಡು ಬಟ್ಟೆಯ ಗಂಟು ಕಟ್ಟಿಟ್ಟಿದ್ದ. ಹೊರಡುವ ಮುಂಚೆ ಇದೊಂದು ಮಾತು ಕೇಳಿ ಹೋಗೋಣವೆಂದು ಬಂದಿದ್ದ.

ಅಜ್ಜನವರು ಕೇಳಿದ್ದಕ್ಕೆ ನೇರವಾಗಿ ಉತ್ತರ ಕೊಡುವವರಲ್ಲ. ಕೂರಲು ಹೇಳಿ ಒಂದು ಕತೆ ಹೇಳಿದರು.

ಒಬ್ಬ ಕುರಿಗಾಹಿ ಇದ್ದ. ಅವನಿಗೊಂದು ನಾಯಿ ಇತ್ತು. ಹಗಲೆಲ್ಲ ಅದು ಕುರಿಗಳ ಹಿಂದೆ ನಡೆಯುತ್ತಿತ್ತು. ಹೊತ್ತು ಮುಳುಗುವಾಗ ಕುರಿಗಳನ್ನು ಮುಳ್ಳುಬೇಲಿಯ ದಡ್ಡಿಗೆ ಸೇರಿಸಿದರೆ ದಡ್ಡಿಯ ಸುತ್ತ ತಿರುಗಲು ತೊಡಗುತ್ತಿತ್ತು. ಹಾಗೆ ತಿರುಗು ಎಂದು ಅದಕ್ಕೆ ಯಾರೂ ಕಲಿಸಿರಲಿಲ್ಲ. ಅದರ ತಾಯಿ ಹಾಗೇ ತಿರುಗುತ್ತಿತ್ತು. ಆರು ವರ್ಷದಲ್ಲಿ ತೋಳ ಆ ದಡ್ಡಿಯಿಂದ ಒಂದು ಮರಿಯನ್ನೂ ಒಯ್ಯಲಿಲ್ಲ.

ಒಂದು ಸಲ ಕುರಿಗಾಹಿ ಹಳ್ಳದ ದಂಡೆಯಲ್ಲಿ ಜಾರಿ ಬಿದ್ದು ಮೊಣಕಾಲು ಮುರಿದುಕೊಂಡ. ಇನ್ನು ದೂರ ನಡೆಯುವಂತಿರಲಿಲ್ಲ. ಕುರಿಗಳನ್ನು ತಮ್ಮನ ಕೈಗೆ ಒಪ್ಪಿಸಿ ಊರಲ್ಲಿ ಉಳಿದ. ತಮ್ಮನು ಕುರಿಗಳನ್ನೂ ನಾಯಿಯನ್ನೂ ಕರೆದುಕೊಂಡು ದೂರದ ಸೀಮೆಗೆ ಮೇಯಿಸಲು ಹೋದ. ಮೂರನೆಯ ದಿನ ಬೆಳಗ್ಗೆ ನಾಯಿಯೊಂದೇ ಹಿಂದಿರುಗಿ ಬಂದು ಕುರಿಗಾಹಿಯ ಹೊಸ್ತಿಲ ಮುಂದೆ ಮಲಗಿತ್ತು. ಅವನ ಕಣ್ಣಲ್ಲಿ ನೀರು ಬಂತು. ಹೊಟ್ಟೆಯಲ್ಲಿ ಹುಟ್ಟಿದವರಿಗೂ ಇಷ್ಟು ಋಣ ಇರುವುದಿಲ್ಲ ಎಂದು ಹೆಂಡತಿಯ ಮುಂದೆ ಹೇಳಿಕೊಂಡ.

ಆದರೆ ಊರು ಅಡವಿಯಲ್ಲ. ನಾಯಿ ಕಂಡವರ ಕರುಗಳನ್ನೆಲ್ಲ ಒಂದೆಡೆ ಕೂಡಿಸಲು ಹೋಗಿ ಹಿಮ್ಮಡಿ ಕಚ್ಚಿತು. ದೂರು ಬಂತು. ಕುರಿಗಾಹಿ ಅದನ್ನು ಮನೆಯ ಮುಂದಿನ ಬೇವಿನ ಮರಕ್ಕೆ ಕಟ್ಟಿದ. ನಾಯಿ ಮರದ ಸುತ್ತ ತಿರುಗತೊಡಗಿತು. ಹಗ್ಗ ಸುತ್ತಿಕೊಂಡು ಮರಕ್ಕೆ ಮೂತಿ ತಾಗುವವರೆಗೆ ತಿರುಗುವುದು, ಬಿಡಿಸಿದರೆ ಮತ್ತೆ ಮೊದಲಿನಿಂದ ತಿರುಗುವುದು. ಹಗ್ಗ ಬಿಚ್ಚಿದಾಗ ಮರ ಬಿಟ್ಟು ತನ್ನ ಬಾಲದ ಹಿಂದೆ ತಿರುಗಿತು. ಊರವರಿಗೆ ತಮಾಷೆ. ಕೂಸುಗಳು ಚಪ್ಪಾಳೆ ತಟ್ಟಿದವು. ಕುರಿಗಾಹಿಯ ಹೆಂಡತಿಯೂ ನಕ್ಕು ಒಂದು ತುಂಡು ರೊಟ್ಟಿ ಎಸೆದಳು. ನಾಯಿ ಮತ್ತೂ ತಿರುಗಿತು. ಬೇರೆಯವರ ಮನೆಯ ಸಂಕಟ ನೋಡುವುದಕ್ಕೆ ಬಹಳ ಚೆಂದ.

ಹದಿನೈದು ದಿನ ಕಳೆಯುವಷ್ಟರಲ್ಲಿ ನಗು ಆರಿತು. ನಾಯಿ ಬಾಲದ ತುದಿಯನ್ನು ಕಚ್ಚಿ ಕಚ್ಚಿ ಹುಣ್ಣು ಮಾಡಿಕೊಂಡಿತ್ತು. ರೊಟ್ಟಿ ಮುಂದಿದ್ದರೂ ಅದಕ್ಕೆ ಬೇಡ. ಪಕ್ಕೆಲುಬು ಎಣಿಸುವ ಹಾಗಾಗಿತ್ತು. ಹೆಸರು ಹಿಡಿದು ಕರೆದರೆ ಕಿವಿ ಅಲ್ಲಾಡುತ್ತಿತ್ತು, ಕಾಲು ನಿಲ್ಲುತ್ತಿರಲಿಲ್ಲ.

ಕುರಿಗಾಹಿಗೆ ಇದರ ಮದ್ದು ತನಗೆ ಗೊತ್ತು ಅನ್ನಿಸಿತು. ತಪ್ಪಿದ್ದೇ ಅಲ್ಲಿ. ಕುರಿಗೆ ಒಂದು ರೋಗ ಬರುವುದುಂಟು. ತಲೆಯೊಳಗೆ ಹುಳ ಸೇರಿ ಕುರಿ ಒಂದೇ ಕಡೆಗೆ ಗಿರಗಿರ ತಿರುಗುತ್ತದೆ. ಆಗ ಕಬ್ಬಿಣ ಕಾಯಿಸಿ ಹಣೆಗೆ ಬರೆ ಹಾಕುವುದು ಅವನ ಅಪ್ಪ, ಅಜ್ಜ ಮಾಡುತ್ತ ಬಂದದ್ದು. ಬರೆ ಹಾಕಿದ ಕುರಿಗಳಲ್ಲಿ ಕೆಲವು ಬದುಕಿದ್ದವು, ಬಹಳಷ್ಟು ಸತ್ತಿದ್ದವು. ಬದುಕಿದ್ದರ ಪುಣ್ಯ ಬರೆಗೆ, ಸತ್ತದ್ದರ ಪಾಪ ಹಣೆಬರಹಕ್ಕೆ ಎಂದು ಅವರು ಹಂಚಿಕೊಂಡಿದ್ದರು. ತಿರುಗುವುದು ಎಲ್ಲಿ ಕಂಡರೂ ಅವನಿಗೆ ಕುರಿಯ ರೋಗವೇ ಕಾಣುತ್ತಿತ್ತು. ನಾಯಿಯ ನಾಲ್ಕೂ ಕಾಲು ಕಟ್ಟಿ ಅದರ ಹಣೆಗೆ ಬರೆ ಹಾಕಿದ. ಹಾಕುವಾಗ ಅವನೇ ಅತ್ತ.

ಎರಡು ದಿನ ನಾಯಿ ಮಲಗಿದಲ್ಲಿಂದ ಏಳಲಿಲ್ಲ. ಮದ್ದು ಹತ್ತಿತೆಂದು ಅವನು ಹಿಗ್ಗಿದ. ಮೂರನೆಯ ದಿನ ಅದು ಎದ್ದು ಮೊದಲಿಗಿಂತ ಜೋರಾಗಿ ತಿರುಗಿತು. ಈಗ ಅವನ ಕೈ ಕಂಡರೆ ದೂರ ಸರಿಯುತ್ತಿತ್ತು. ಅವನು ಹಗ್ಗ ಗಿಡ್ಡ ಮಾಡಿದ, ತಿರುಗಲು ಜಾಗವಿಲ್ಲದ ನಾಯಿ ಮುಂಗಾಲು ನೆಕ್ಕತೊಡಗಿತು. ಕಾಲಿಗೆ ಬೇವಿನೆಣ್ಣೆ ಸವರಿದ, ಅದು ಇನ್ನೊಂದು ಕಾಲು ನೆಕ್ಕಿತು. ಬಾಯಿಗೆ ಕುಕ್ಕೆ ಕಟ್ಟಿದ, ಕುಕ್ಕೆಯನ್ನೇ ಮರಕ್ಕೆ ತಿಕ್ಕಿತು. ಅವನು ಚಾಪೆ ಕೆಳಗೆ ತೂರಿದರೆ ಅದು ರಂಗೋಲಿ ಕೆಳಗೆ ತೂರಿತು. ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ ಎಂದು ಊರು ಹೇಳಿತು. ಸುಟ್ಟದ್ದು ನಿಜ. ಅದು ಹುಟ್ಟುಗುಣವೇ ಎಂದು ಮಾತ್ರ ಯಾರೂ ಕೇಳಲಿಲ್ಲ.

ಊರ ಹಿರಿಯರು ಕೂತು ಇದು ಹುಚ್ಚು ನಾಯಿ ಎಂದು ತೀರ್ಮಾನಿಸಿದರು. ಕೂಸುಗಳಿರುವ ಊರು, ಅಮಾವಾಸ್ಯೆಯೊಳಗೆ ಮುಗಿಸಿಬಿಡು ಎಂದರು. ಸಾಕಿದವನ ಕೈಯಿಂದಲೇ ಮುಗಿಯಬೇಕೆಂಬುದು ಆ ಊರಿನ ಕಟ್ಟಳೆ. ಕುರಿಗಾಹಿ ಎರಡು ದಿನ ತಳ್ಳಿದ. ಮೂರನೆಯ ಬೆಳಗ್ಗೆ ನಾಯಿಯ ಕೊರಳಿಗೆ ಹಗ್ಗ ಹಾಕಿ, ಕುಂಟುತ್ತ, ಊರ ಹೊರಗಿನ ಹಾದಿ ಹಿಡಿದ.

ಊರ ಕೊನೆಯ ಮನೆಯ ಕಟ್ಟೆಯಲ್ಲಿ ಒಬ್ಬ ಮುದುಕಿ ಉಣ್ಣೆ ನೂಲುತ್ತ ಕೂತಿದ್ದಳು. ಅವಳೂ ಕುರಿಗಳ ನಡುವೆಯೇ ಬೆಳೆದು ಮುದುಕಿಯಾದವಳು. ಎಲ್ಲಿಗೆ ಎಂದು ಕೇಳಿದಳು. ಅವನು ಹೇಳಿದ. ಅವಳು ನಾಯಿಯನ್ನು ಹತ್ತಿರ ಎಳೆದುಕೊಂಡು ಬಾಲದ ಬುಡ, ಕಿವಿ, ಬೆರಳ ಸಂದು ಎಲ್ಲ ಕೂದಲು ಬಿಡಿಸಿ ನೋಡಿದಳು. ಉಣ್ಣಿ ಇರಲಿಲ್ಲ, ಮುಳ್ಳು ಇರಲಿಲ್ಲ. ಅದು ಮಾಡಿಕೊಂಡ ಗಾಯಗಳಿದ್ದವು, ಅವನು ಮಾಡಿದ ಗಾಯ ಇತ್ತು.

"ಇದು ತಿರಗಲಾರದ ಹೊತ್ತು ಯಾವುದಪಾ?" ಎಂದು ಅವಳು ಕೇಳಿದಳು.

"ತಿರಗೂದು ಕೇಳು, ಹೇಳ್ತೀನಿ. ತಿರಗಲಾರದ್ದು ಯಾಂವ ನೋಡ್ಯಾನ ಯವ್ವಾ?"

"ಕೊಲ್ಲೂದು ನಾಳೆ ಆದ್ರೂ ಆಗತೈತಿ. ಇವತ್ತೊಂದಿನ ಅದರ ಹಂತೇಕ ಕುಂದ್ರು. ಬಡೀಬ್ಯಾಡ, ಬೈಬ್ಯಾಡ, ಅಯ್ಯೋ ಪಾಪ ಅನಬ್ಯಾಡ. ಬರೇ ನೋಡು."

ಕೊಲ್ಲುವುದು ಒಂದು ದಿನ ಮುಂದಕ್ಕೆ ಹೋಯಿತಲ್ಲ ಎಂದು ಅವನಿಗೆ ಸಮಾಧಾನವಾಯಿತು. ಅಷ್ಟಕ್ಕೇ ಒಪ್ಪಿದ. ಬೇವಿನ ಮರದ ಕೆಳಗೆ ಕಂಬಳಿ ಹಾಸಿ ಕೂತ. ಆರು ವರ್ಷ ಜೊತೆಗಿದ್ದ ನಾಯಿಯನ್ನು ಅವನು ಸುಮ್ಮನೆ ಕೂತು ನೋಡಿದ್ದು ಅದೇ ಮೊದಲು.

ಊರಲ್ಲೇ ಮೇಯಿಸುವವರ ಕುರಿಗಳು ಗಂಟೆ ಸದ್ದು ಮಾಡುತ್ತ ಹೊರಟಾಗ ನಾಯಿ ಎದ್ದು ತಿರುಗಿತು. ಸದ್ದು ದೂರವಾದ ಮೇಲೆ ಇನ್ನಷ್ಟು ಹೊತ್ತು ತಿರುಗಿ ದಣಿದು ಮಲಗಿತು. ಮಧ್ಯಾಹ್ನ ಪೂರ್ತಿ ಮಲಗಿತ್ತು. ಇದು ಅವನಿಗೆ ಗೊತ್ತೇ ಇರಲಿಲ್ಲ. ಒಳಗೆ ಹೆಂಡತಿ ಯಾರಿಗೋ ಜೋರು ಮಾಡಿದಾಗ ಎದ್ದು ನಾಲ್ಕು ಸುತ್ತು ತಿರುಗಿತು, ತಾನೇ ನಿಂತಿತು. ಹೊತ್ತು ಇಳಿಯತೊಡಗಿದಾಗ ಕಿವಿ ನೆಟ್ಟಗೆ ಮಾಡಿ ಹಾದಿ ನೋಡಿತು. ಕುರಿಗಳು ಹಿಂದಿರುಗಿದವು. ಒಂದೊಂದು ಮಂದೆ ತಂತಮ್ಮ ದಡ್ಡಿ ಸೇರಿತು. ಈ ಮನೆಯ ಮುಂದೆ ಯಾವ ಮಂದೆಯೂ ನಿಲ್ಲಲಿಲ್ಲ. ಆಗ ನಾಯಿ ತಿರುಗಿದ್ದು ನೋಡಲಾಗದಂತಿತ್ತು.

ಕುರಿಗಾಹಿ ಹಣೆಗೆ ಕೈ ಹಚ್ಚಿ ಕೂತ. ನಾಯಿ ಆರು ವರ್ಷ ದಡ್ಡಿ ಸುತ್ತಿದ ಹೊತ್ತು ಅದು. ಕುರಿಗಳು ಹೋಗಿದ್ದವು, ಕೆಲಸ ನಾಯಿಯೊಳಗೆ ಹಾಗೇ ಉಳಿದಿತ್ತು. ಕಾಯುವುದಕ್ಕೆ ಏನೂ ಸಿಗದೆ ಅದು ತನ್ನ ಬಾಲವನ್ನೇ ಕಾಯುತ್ತಿತ್ತು. ಅದಕ್ಕೆ ತಾನು ಬರೆ ಹಾಕಿದ್ದ.

ಮರುದಿನ ಅವನು ಹಿರಿಯರ ಬಳಿ ಹೋದ. ಆ ಊರಲ್ಲಿ ತಾಯಿಕುರಿಗಳು ಮೇಯಲು ಹೋದಾಗ ಎಳೆಮರಿಗಳನ್ನೆಲ್ಲ ಊರ ಪಕ್ಕದ ಮುಳ್ಳುಬೇಲಿಯ ಒಂದೇ ದಡ್ಡಿಯಲ್ಲಿ ಬಿಡುತ್ತಿದ್ದರು, ಸಂಜೆ ಹಾಲು ಕುಡಿಸಿದ ಮೇಲೆ ರಾತ್ರಿಗೂ ಅಲ್ಲೇ ಕೂಡುತ್ತಿದ್ದರು. ಆ ಮರಿದಡ್ಡಿಯ ಕಾವಲಿಗೆ ನನ್ನ ನಾಯಿ ಇರಲಿ ಎಂದು ಕೇಳಿದ. ನಿನಗೂ ನಾಯಿಯ ಗಾಳಿ ಬಡಿಯಿತೇ ಎಂದು ಅವರು ನಕ್ಕರು. ಅವನು ಹೆಗಲ ಕಂಬಳಿ ತೆಗೆದು ಅವರ ಮುಂದೆ ಹಾಸಿ ಅದನ್ನು ಮುಟ್ಟಿ ಮಾತು ಕೊಟ್ಟ. ಒಂದು ಮರಿಗೆ ಹಲ್ಲು ತಾಗಿದರೂ ಅಂದೇ ನಾಯಿಯನ್ನು ತಾನೇ ಮುಗಿಸುವುದಾಗಿ ಹೇಳಿದ. ಕಂಬಳಿ ಮುಟ್ಟಿ ಕೊಟ್ಟ ಮಾತನ್ನು ಆ ಜನ ತಳ್ಳಿಹಾಕುವುದಿಲ್ಲ. ಅಮಾವಾಸ್ಯೆವರೆಗೆ ಎಂದು ಒಪ್ಪಿದರು. ಉಳಿದದ್ದು ಆರು ದಿನ.

ಅವನು ಬೆಳಗ್ಗೆ ಗಂಟೆಗಳ ಸದ್ದು ಏಳುವ ಮುಂಚೆಯೇ ನಾಯಿಯನ್ನು ಕರೆದುಕೊಂಡು ಹಳ್ಳದ ಕಡೆ ಹೋಗಿ ಬರುತ್ತಿದ್ದ. ರೊಟ್ಟಿ ಹಾಕುವ ಹೊತ್ತು ಒಂದೇ ಮಾಡಿದ. ಹೆಂಡತಿಗೆ ದನಿ ತಗ್ಗಿಸಲು ಹೇಳಿದ, ಅದಕ್ಕೆ ಅವಳಿಂದ ಬೈಸಿಕೊಂಡ. ಸಂಜೆ ಮರಿದಡ್ಡಿಗೆ ಕರೆದೊಯ್ದು ಕೊರಳ ಹಗ್ಗ ಬಿಚ್ಚಿದ.

ಮೊದಲ ಸಂಜೆ ನಾಯಿ ಮರಿಗಳ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ಬೇಲಿಯ ಹೊರಗೆ ತನ್ನ ಬಾಲ ಹಿಡಿದು ತಿರುಗಿತು. ಅವನಿಗೆ ಕೋಲು ಎತ್ತಬೇಕೆನಿಸಿತು, ಎತ್ತಲಿಲ್ಲ. ಕರೆಯಬೇಕೆನಿಸಿತು, ಕರೆಯಲಿಲ್ಲ. ಮುದುಕಿ ಹೇಳಿದ್ದು ನೋಡು ಎಂದು. ನೋಡುತ್ತ ಸುಮ್ಮನೆ ನಿಲ್ಲಲೂ ಆಗಲಿಲ್ಲ. ಕೋಲೂರಿಕೊಂಡು, ಮುರಿದ ಮೊಣಕಾಲು ಎಳೆಯುತ್ತ, ದಡ್ಡಿಯ ಸುತ್ತ ತಾನೇ ನಡೆಯತೊಡಗಿದ. ಹಿಂದೆ ಆ ಕೆಲಸವನ್ನು ನಾಯಿ ಮಾಡುತ್ತಿತ್ತು, ಅವನು ಕೂತು ರೊಟ್ಟಿ ತಿನ್ನುತ್ತಿದ್ದ. ಎಷ್ಟು ದೂರದ ಸುತ್ತು ಅದು ಎಂದು ಅವನಿಗೆ ಆವತ್ತು ತಿಳಿಯಿತು.

ಎರಡನೆಯ ಸಂಜೆಯೂ ಹಾಗೇ ಹೋಯಿತು. ಮೂರನೆಯ ಸಂಜೆಯೂ. ಊರವರು ಹುಚ್ಚು ನಾಯಿಗೆ ತಕ್ಕ ಧಣಿ ಎಂದರು. ಊರ ಬಾಯಿಗೆ ಕುಕ್ಕೆ ಕಟ್ಟಲಾಗುವುದಿಲ್ಲ, ಅವನು ನಡೆದ. ನಾಲ್ಕನೆಯ ಸಂಜೆ ಮೊಣಕಾಲು ಬಾತಿತ್ತು. ಒಂಬತ್ತನೆಯದೋ ಹತ್ತನೆಯದೋ ಸುತ್ತು. ಹಿಂದೆ ಮಣ್ಣಿನ ಮೇಲೆ ಹೆಜ್ಜೆ ಸದ್ದಾಯಿತು. ಅವನು ಹೊರಳಿ ನೋಡಲಿಲ್ಲ, ನೋಡಿದರೆ ಎಲ್ಲಿ ನಿಂತುಬಿಡುತ್ತದೋ ಎಂಬ ಭಯ. ಇನ್ನೊಂದು ಸುತ್ತು ಮುಗಿಯುವಾಗ ನಾಯಿ ಅವನನ್ನು ದಾಟಿ ಮುಂದೆ ಹೋಯಿತು. ಕಿವಿ ಬೇಲಿಯ ಕಡೆಗಿತ್ತು. ಬಾಲ ಹಿಂದೆ ತನ್ನ ಪಾಡಿಗೆ ಇತ್ತು.

ಅಮಾವಾಸ್ಯೆ ಬಂದು ಹೋಯಿತು. ನಾಯಿಯನ್ನು ಯಾರೂ ಕೇಳಲಿಲ್ಲ.

ಪೂರ್ತಿ ವಾಸಿಯಾಯಿತೆಂದು ತಿಳಿಯಬೇಡ ಎಂದರು ಅಜ್ಜನವರು. ಗುಡುಗಿದ ದಿನ, ಡೊಳ್ಳು ಬಡಿದ ದಿನ, ತಮ್ಮ ಬಂದು ಹೋದ ಮರುದಿನ ಅದು ಮತ್ತೆ ಬಾಲದ ಹಿಂದೆ ಬೀಳುತ್ತಿತ್ತು. ಕುರಿಗಾಹಿ ಹೌಹಾರುತ್ತಿರಲಿಲ್ಲ. ಎದ್ದು ಕೋಲು ಹಿಡಿದು ದಡ್ಡಿಯ ಕಡೆ ನಡೆಯುತ್ತಿದ್ದ. ನಾಯಿ ಒಮ್ಮೊಮ್ಮೆ ಕೂಡಲೇ ಬರುತ್ತಿತ್ತು, ಒಮ್ಮೊಮ್ಮೆ ತಡವಾಗಿ ಬರುತ್ತಿತ್ತು. ಹಣೆಯ ಬರೆಯ ಮೇಲೆ ಕೂದಲು ಕೊನೆಯವರೆಗೂ ಹುಟ್ಟಲಿಲ್ಲ. ಅದನ್ನು ಸವರುವಾಗ ಮಾತ್ರ ಅವನು ಬೇರೆ ಕಡೆ ನೋಡುತ್ತಿದ್ದ.

ಕತೆ ಮುಗಿಯಿತು. ಮುರಿಗೆಯ್ಯ ತಲೆ ತಗ್ಗಿಸಿ ಕೂತಿದ್ದ. ನಾಯಿಯ ಮೇಲೆ ಅವನಿಗೆ ಬಹಳ ಮರುಕ ಬಂದಿತ್ತು. ಅಷ್ಟು ಮರುಕ ತನ್ನ ಮೇಲೆ ಎಂದೂ ಬಂದದ್ದಿಲ್ಲ ಎಂಬುದು ಅವನಿಗೆ ಹೊಳೆಯಲಿಲ್ಲ. ಆ ಕುರಿಗಾಹಿ ದೊಡ್ಡ ಮನುಷ್ಯ ಎಂದ. ಅಜ್ಜನವರು ಹೂಂಗುಟ್ಟಿದರು. ಇನ್ನು ನಮಸ್ಕಾರ ಮಾಡಿ, ಗಂಟು ತೆಗೆದುಕೊಂಡು ಹೊರಡುವುದು ಎಂದು ಅವನು ಮನಸ್ಸು ಗಟ್ಟಿ ಮಾಡಿಕೊಳ್ಳುತ್ತಿದ್ದ. ಅಷ್ಟರಲ್ಲಿ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುವ ಸದ್ದು ನಿಂತಿತು. ಒಳಗೆ ಯಾರೂ ಉಳಿದಿಲ್ಲ ಎಂದು ಅವನಿಗೆ ಗೊತ್ತಾಯಿತು. ಬೇಡ ಬೇಡ ಎನ್ನುತ್ತಿರುವಾಗಲೇ ಕಾಲು ಅವನನ್ನು ಎಬ್ಬಿಸಿ ನಿಲ್ಲಿಸಿತು. ಅಜ್ಜನವರ ಮುಂದೆ, ಕತೆ ಕೇಳಿದ ಬೆನ್ನಿಗೇ ಹೀಗೆ ಎದ್ದೆನಲ್ಲ ಎಂದು ಅವನ ಮುಖ ಕೆಂಪಾಯಿತು.

ಅಜ್ಜನವರು ತಮ್ಮ ಕೈ ಮುಂದೆ ಚಾಚಿದರು.

"ಒಲಿ ನೋಡಾಕ ಹೊಂಟಿಯಲ್ಲ ತಮ್ಮಾ, ನನ್ನನ್ನೂ ಒಂಚೂರು ಹಿಡದು ಎಬ್ಬಸು, ಇಬ್ಬರೂ ಕೂಡಿ ನೋಡಿ ಬರೂಣು."

ಮುರಿಗೆಯ್ಯ ಅಜ್ಜನವರ ಕೈ ಹಿಡಿದು ಎಬ್ಬಿಸಿದ.