ಕರೆಯಲು ಮಾಹೆಗೆ ಹೋದ ಜಟ್ಟಿ

ಹೆಂಚು ಹೇರಿದ ಹಾಯಿ ಮಂಜಿ ನಡೆಸಿಕೊಂಡು ಫ್ರೆಂಚರ ಬಂದರಿಗೆ ಹನ್ನೆರಡು ಸಲ ಹೋಗಿ ಬಂದವನು ನಾನು! ಸುಳ್ಳು, ಬಿಡಿ. ಗಂಗೊಳ್ಳಿಯ ಕಡವು ದಾಟುವಷ್ಟರಲ್ಲೇ ನನಗೆ ವಾಂತಿ. ಹೋದವನು ಜಟ್ಟಿ.

ಗಂಗೊಳ್ಳಿಯ ಮಾಕಮ್ಮನಿಗೆ ಅವನೊಬ್ಬನೇ ಮಗ. ಆಳೆತ್ತರ ಬೆಳೆದಿದ್ದ, ಬುದ್ಧಿ ಮಾತ್ರ ತೊಟ್ಟಿಲಲ್ಲೇ ಉಳಿದಿತ್ತು. ಗಂಡ ದುಗ್ಗಪ್ಪ ಹೆಂಡತಿಯ ಮೇಲೆ ಮುನಿದು ಮಂಜಿ ಹತ್ತಿದವನು, ಫ್ರೆಂಚರು ಆಳುತ್ತಿದ್ದ ಮಾಹೆ ಬಂದರಿನಲ್ಲಿ ಜ್ವರ ಹಿಡಿದು ಮಲಗಿದ್ದ. "ಮನೆಯವರು ಬಂದು ಕರೆಯದೆ ನಾನು ಬರೂದಿಲ್ಲ" ಅಂತ ಹಟ. ಮಳೆಗಾಲಕ್ಕೆ ಮುಂಚೆ ಮಂಜಿ ಹೋಗುವುದು ಇನ್ನು ಮೂರೇ ಸಲ.

"ಮಗಾ, ಅಪ್ಪಯ್ಯನ್ನ ನೋಡ್ಕಂಡ್ ಬಾ!"

ಜಟ್ಟಿ ಹೋದ. ಅಪ್ಪ ಮಲಗಿದ್ದ ಹೆಂಚಿನ ಗೋದಾಮಿನ ಬಾಗಿಲಲ್ಲಿ ನಿಂತು ನೋಡಿದ. ಬಂದ.

"ಕರೀಲಿಲ್ಯಾ?"

"ನೀನ್ ನೋಡೂಕೆ ಹೇಳದ್ದಲ್ದಾ ಅಬ್ಬಿ!"

"ಅಯ್ಯೋ ಪೆದ್ದ ಮಗನೇ! ಬದಿಯಲ್ಲಿ ಕೂಕಂಡು, ಕೈ ಹಿಡ್ಕಂಡು, 'ಬನ್ನಿ, ಮನೆಗ್ ಹೋಪ' ಅಂತ ಹೇಳೂದಲ್ದಾ!"

ಎರಡನೇ ಸಲ. ಮಾಹೆಯಲ್ಲಿ ಮಂಜಿ ಇಳಿಯುವ ಧಕ್ಕೆಯಲ್ಲಿ ಮೊದಲು ಸಿಕ್ಕವನು ಕೆಂಪು ಟೊಪ್ಪಿಯ ಪೊಲೀಸ. ಜಟ್ಟಿ ಬದಿಯಲ್ಲಿ ಕೂತ. ಕೈ ಹಿಡಿದ. "ಬನ್ನಿ, ಮನೆಗ್ ಹೋಪ!" ಪೊಲೀಸನೂ ಕೈ ಹಿಡಿದ, ಮಂಜಿ ಹೊರಡುವ ತನಕ ಬಿಡಲಿಲ್ಲ.

"ಅಯ್ಯೋ ಪೆದ್ದ ಮಗನೇ! ದೊಡ್ಡವರ ಎದುರು ಕೈ ಕಟ್ಟಿ ನಿಲ್ಕ್! ಅವರಾಗಿ ಮಾತಾಡುವ ತನಕ ಬಾಯಿ ಬಿಡೂಕಾಗ!"

ಮೂರನೇ ಸಲ, ಕಡೇ ಮಂಜಿ. ಜಟ್ಟಿ ನೆಟ್ಟಗೆ ಅಪ್ಪನ ಚಾಪೆಯ ಹತ್ತಿರವೇ ಹೋದ. ಅಪ್ಪನಿಗಿಂತ ದೊಡ್ಡವರು ಯಾರು? ಕೈ ಕಟ್ಟಿ ನಿಂತ. ದುಗ್ಗಪ್ಪ ಕಣ್ಣು ಬಿಟ್ಟು ಮಗನನ್ನೇ ನೋಡಿದ. ಕರೆಯಲಿ ಅಂತ ಅವನು ಕಾದ, ಮಾತಾಡಲಿ ಅಂತ ಇವನು ಕಾದ. ಬಿಸಿಲು ಇಳಿಯಿತು. ದುಗ್ಗಪ್ಪ ಗೋಡೆಯ ಕಡೆ ಹೊರಳಿದ. ಮತ್ತೆ ಈ ಕಡೆ ತಿರುಗಲೇ ಇಲ್ಲ.

ಅಪ್ಪನನ್ನು ಅಲ್ಲೇ ಮಣ್ಣು ಮಾಡಿ ಬಂದ ಜಟ್ಟಿ, ನಡೆದದ್ದನ್ನು ನಡೆದ ಹಾಗೇ ಹೇಳಿ, ಬೈಗುಳಕ್ಕೆ ತಲೆ ತಗ್ಗಿಸಿ ನಿಂತ. ಮಾಕಮ್ಮ ಬೈಯಲಿಲ್ಲ.

"ಬೈಯಿ ಅಬ್ಬಿ! ಇನ್ನೆಂತ ಮಾಡ್ಕ್, ಹೇಳು!"

ಅವಳು ಆರಿದ ಒಲೆಯ ಮುಂದೆ ಕೂತೇ ಇದ್ದಳು. ಹೊಸ ಬುದ್ಧಿ ಸಿಗದ ಜಟ್ಟಿ ಹಳೆಯದನ್ನೇ ಹುಡುಕಿ ತೆಗೆದ. ಬದಿಯಲ್ಲಿ ಕೂತ. ಕೈ ಹಿಡಿದ. ತಮ್ಮದೇ ಮನೆಯೊಳಗೆ, ಅವಳು ಕಲಿಸಿದ ಹಾಗೆಯೇ ಅಂದ:

"ಬನ್ನಿ, ಮನೆಗ್ ಹೋಪ."

ನಾನು ಅಳುತ್ತಿಲ್ಲ ಮಾರಾಯ್ರೆ, ಚಾದ ಹಬೆ ಕಣ್ಣಿಗೆ ಹೋಯಿತು. ಅಂದ ಹಾಗೆ, ಆ ಚಾದ ದುಡ್ಡು ನೀವೇ ಕೊಟ್ಟುಬಿಡಿ.