ದೀಪದ ಮೇಲೆ ವಿಭೂತಿ

ಗುರುಮಲ್ಲನ ಮನಸ್ಸು ಒಂದು ಕಡೆ ನಿಲ್ಲುತ್ತಿರಲಿಲ್ಲ. ಜಪಕ್ಕೆ ಕೂತರೆ ಏಳಬೇಕು ಅನ್ನಿಸುವುದು, ಎದ್ದರೆ ಯಾರ ಮೇಲಾದರೂ ರೇಗಬೇಕು ಅನ್ನಿಸುವುದು.

ಬೆಳಿಗ್ಗೆ ಹೊಳೆಯ ದಡದಲ್ಲಿ ಗುರುಗಳ ಕಾಲು ಹಿಡಿದ.

“ಬುದ್ಧಿ, ಒಳಗೆ ಏನೋ ಕುದೀತಾ ಇದೆ. ಅಡಗಿಸೋಕೆ ಒಂದು ಮಂತ್ರ ಕೊಡಿ.”

“ಪುಟ್ಟಮಾದಮ್ಮ ಎಲ್ಲೋ? ಇವತ್ತು ಗಂಜಿ ಬರಲಿಲ್ಲ.”

ಗುರುಮಲ್ಲ ತಲೆ ತಗ್ಗಿಸಿದ. ಆಶ್ರಮದ ಅಡುಗೆ ಪುಟ್ಟಮಾದಮ್ಮನದು. ದಾಸೋಹದ ಉಸ್ತುವಾರಿ ಈಚೆಗೆ ಇವನ ಕೈಗೆ ಬಂದಿತ್ತು. ಬಂದದ್ದೇ ತಡ, ಗಂಟಲೂ ದೊಡ್ಡದಾಗಿತ್ತು.

“ನಾನೇ ಹೋಗು ಅಂದೆ ಬುದ್ಧಿ. ಪಂಕ್ತಿಯಲ್ಲಿ ಎಲ್ಲರೆದುರು ‘ನಿನ್ನ ಮಾತು ಸುಡ್ತದೆ ಕಣಪ್ಪ, ಉಣ್ಣೋರಿಗೆ ಅನ್ನ ಇಳೀತಿಲ್ಲ’ ಅಂದಳು. ದಿನಾ ಇದೇ ಗೋಳು. ಅಣ್ಣನ ಊರಿಗೆ ಹೊರಟವಳೆ. ಹೋಗಲಿ ಬಿಡಿ.”

ಗುರುಗಳು ಎದ್ದರು.

“ಕಾರು ತೆಗಿ. ಸೇತುವೆ ತನಕ ಹೋಗಿ ಬರೋಣ.”

ಕಾರು ನಿಂತಲ್ಲೇ ಗಡಗಡ ನಡುಗಿತು. ಹಿಂದೆ ಕಪ್ಪು ಹೊಗೆ. ಕೊಳೆತ ಮೊಟ್ಟೆಯ ವಾಸನೆ. ಅಬ್ಬಬ್ಬಾ! ಗುರುಗಳು ಶಲ್ಯದಿಂದ ಮೂಗು ಮುಚ್ಚಿಕೊಂಡರು.

“ಏನೋ ಇದು?”

“ಹಳೇ ಗಾಡಿ ಬುದ್ಧಿ. ಪೆಟ್ರೋಲೂ ಜಾಸ್ತಿ ಕುಡೀತದೆ.”

“ಮೊದಲೇ ಗೊತ್ತಾಗಲಿಲ್ವ?”

ಗುರುಮಲ್ಲ ಗೇರು ಬದಲಾಯಿಸಿದ.

ಸ್ಟೇರಿಂಗಿನ ಹಿಂದೆ ಮೀಟರಿನ ಗಾಜಿನ ಒಂದು ಮೂಲೆಗೆ ವಿಭೂತಿ ದಪ್ಪಗೆ ಮೆತ್ತಿತ್ತು. ಗುರುಗಳು ಕೈ ಚಾಚಿ ಉಗುರಿನಿಂದ ಕೆರೆದರು. ಒಳಗಿಂದ ಹಳದಿ ದೀಪ ಇಣುಕಿತು.

“ಇದು ಯಾವ ಪೂಜೆಯೋ?”

“ಇಂಜಿನ್ ಕೆಟ್ಟರೆ ಹತ್ತೋ ದೀಪ ಬುದ್ಧಿ. ಆರೋದೇ ಇಲ್ಲ ಅಂತದೆ. ಕಣ್ಣಿಗೆ ಹಿಂಸೆ.”

ದಿನಾ ಸ್ನಾನ ಮುಗಿಸಿ ಮೊದಲು ಲಿಂಗಕ್ಕೆ, ಆಮೇಲೆ ತನ್ನ ಹಣೆಗೆ, ಕೊನೆಗೆ ಈ ದೀಪಕ್ಕೆ ವಿಭೂತಿ ಹಚ್ಚುತ್ತಿದ್ದ ಮಹಾನುಭಾವ! ದೀಪ ಇಣುಕಿದರೆ ನೀರಲ್ಲಿ ಕಲಸಿ ಇನ್ನೊಂದಿಷ್ಟು ಮೆತ್ತುತ್ತಿದ್ದ. ಇಂಜಿನ್ ಇದರಿಂದ ಸರಿಹೋಗಲ್ಲ ಅಂತ ಅವನಿಗೂ ಗೊತ್ತಿತ್ತು.

ಸೇತುವೆಯ ಪಕ್ಕದ ಶೆಡ್ಡಿನಲ್ಲಿ ಮೆಕ್ಯಾನಿಕ್ ಚಾಂದ್‌ಪಾಷ ಒಂದು ಸಣ್ಣ ಯಂತ್ರ ಜೋಡಿಸಿ ನೋಡಿದ.

“ಆಕ್ಸಿಜನ್ ಸೆನ್ಸರ್ ಹೋಗಿದೆ ಸ್ವಾಮೀಜಿ.”

“ಅದರ ಕೆಲಸ ಏನಪ್ಪ?”

“ಹೊಗೆ ಹೋಗೋ ಕೊಳವೇಲಿ ಕೂತಿರ್ತದೆ. ಇಂಜಿನ್ ಹೊರಗೆ ಬಿಟ್ಟಿದ್ದನ್ನ ನೋಡಿ, ಒಳಗೆ ಸರಿಯಾಗಿ ಉರೀತಾ ಇದೆಯೋ ಇಲ್ವೋ ಅಂತ ತಿಳಿಸ್ತದೆ. ಅದು ಕೆಟ್ಟರೆ ಇಂಜಿನ್‌ಗೆ ತನ್ನ ಹದ ತನಗೇ ಗೊತ್ತಾಗಲ್ಲ.”

“ಅದನ್ನ ಕಿತ್ತು ಹಾಕಿ ದೀಪ ಆರಿಸಿಬಿಡು ಮಾರಾಯ,” ಗುರುಮಲ್ಲ ಸಿಡುಕಿದ. “ಗಾಡಿ ಓಡಿದರೆ ಸಾಕು.”

“ಓಡ್ತದೆ ಅಣ್ಣ. ಎಲ್ಲಿ ತನಕ ಅಂತ ಮಾತ್ರ ನನ್ನ ಕೇಳಬೇಡ.”

ಗುರುಗಳು ನಕ್ಕರು. ಗುರುಮಲ್ಲ ಮುಖ ಆಚೆ ತಿರುಗಿಸಿದ, ತಿರುಗಿಸಿದವನು ಹಾಗೇ ನಿಂತ. ರಸ್ತೆಯ ಆ ಬದಿಯ ಬಸ್‌ಸ್ಟಾಪಿನಲ್ಲಿ ಪುಟ್ಟಮಾದಮ್ಮ ಗಂಟು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಸೆರಗಲ್ಲಿ ಕಣ್ಣು ಒರೆಸಿಕೊಳ್ಳುತ್ತಿದ್ದಳು.

ಗುರುಮಲ್ಲ ಎರಡು ಹೆಜ್ಜೆ ಮುಂದೆ ಹೋದ, ಮತ್ತೆ ವಾಪಸ್ ಬಂದ.

“ಈಗ ಕರೆದರೆ ನಾಳೆಯಿಂದ ಇನ್ನೂ ಜಾಸ್ತಿ ಹೇಳ್ತಾಳೆ ಬುದ್ಧಿ.”

“ಹೇಳ್ತಾಳೆ.”

“ಎಲ್ಲರೆದುರೂ ಹೇಳ್ತಾಳೆ.”

“ಹ್ಞೂಂ.”

ಗುರುಗಳು ಕಾರಿನೊಳಗೆ ಬಗ್ಗಿ, ಶಲ್ಯದ ತುದಿಯಿಂದ ಉಳಿದ ವಿಭೂತಿ ಒರೆಸುತ್ತಿದ್ದರು. ದೀಪ ಈಗ ಪೂರ್ತಿ ಕಾಣುತ್ತಿತ್ತು.

ಸೇತುವೆ ದಾಟಿ ಬಸ್ಸು ಬಂದು ನಿಂತಿತು. ಪುಟ್ಟಮಾದಮ್ಮ ಗಂಟನ್ನು ಮೊದಲು ಮೆಟ್ಟಿಲ ಮೇಲಿಟ್ಟಳು.

ಗುರುಮಲ್ಲ ಗುರುಗಳ ಕೈ ಗಟ್ಟಿಯಾಗಿ ಹಿಡಿದ. ಅವನಿಗೆ ಅಳು ಬಂದಿತ್ತು.

“ತಡಕೊಳ್ಳೋಕೆ ಆಗ್ತಿಲ್ಲ ಬುದ್ಧಿ. ಈಗಲಾದರೂ ಆ ಮಂತ್ರ ಕೊಟ್ಟುಬಿಡಿ.”

“ಎಂದೋ ಕೊಟ್ಟಿದ್ದೆನಲ್ಲೋ, ನೀನೇ ಆಚೆಗೆ ಅಟ್ಟಿದೆ. ಅಗೋ, ಬಸ್ಸು ಹತ್ತುತ್ತಾ ಇದೆ. ಓಡು!”